ಈ ರಸ್ತೆ ಯಾರದು?

ಸಕಲೇಶಪುರ, ಆಲೂರು ಸೀಮೆಯ ತೋಟದ ಅಂಚಿನಿಂದ ಶಾಲೆಗೆ ಹೊರಟ ಮಗು ಒಂದೇ ಬೆಳಿಗ್ಗೆ ಮೂರು ಬಗೆಯ ರಸ್ತೆ ತುಳಿಯಬೇಕಾದೀತು. ಹೊಂಡ ಎಲ್ಲ ಕಡೆಯೂ ಒಂದೇ. ಮುಚ್ಚಬೇಕಾದವರು ಮಾತ್ರ ಬೇರೆ ಬೇರೆ.

ಹಳ್ಳಿ ರಸ್ತೆ ಪಂಚಾಯಿತಿಗಳದು. ಪಟ್ಟಣದ ಬೀದಿಗಳನ್ನು ಸಕಲೇಶಪುರದಲ್ಲಿ ಪುರಸಭೆ, ಆಲೂರಿನಲ್ಲಿ ಪಟ್ಟಣ ಪಂಚಾಯಿತಿ ನೋಡಿಕೊಳ್ಳುತ್ತವೆ. ಆಸ್ತಿ ತೆರಿಗೆ ಮತ್ತು ಸರ್ಕಾರದ ಅನುದಾನವೇ ಇದಕ್ಕೆ ಆಧಾರ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯ ಪಾಲು. ಮಂಗಳೂರಿನತ್ತ ಇಳಿಯುವ ರಾಷ್ಟ್ರೀಯ ಹೆದ್ದಾರಿ 75 ಕೇಂದ್ರದ ಹೊಣೆ.

ಹಣ ಕಡಿಮೆಯಿದ್ದಾಗ ಸರದಿ ನಿರ್ಧರಿಸುವುದು ಹೆಚ್ಚಾಗಿ ವಾಹನ ಮತ್ತು ಜನರ ಲೆಕ್ಕ. ಬಂದರಿನ ಸರಕು ಹೊರುವ ಶಿರಾಡಿ ಘಾಟಿಯನ್ನು 2015ರಲ್ಲಿ, ಮತ್ತೆ 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಲಾಯಿತು. 2000ದಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ನಾಡಿನಲ್ಲಿ 500 ಜನರಿರುವ ಊರನ್ನು ಅಳತೆಗೋಲಾಗಿಸಿತು. ಗುಡ್ಡಗಾಡು ರಾಜ್ಯಗಳಿಗೆ 250 ಸಾಕೆಂದಿತು. ಕರ್ನಾಟಕ ಆ ರಾಜ್ಯಗಳ ಪಟ್ಟಿಯಲ್ಲಿಲ್ಲ. ಗುಡ್ಡಕ್ಕೊಂದು ಮನೆಯಿರುವ ಮಲೆನಾಡಿಗೆ ತಲೆ ಎಣಿಸುವ ಲೆಕ್ಕ ಅನುಕೂಲವಲ್ಲ.

ಇಲ್ಲಿ ಡಾಂಬರಿನ ದೊಡ್ಡ ಶತ್ರು ನಿಂತ ನೀರು. ಮಳೆಗೆ ಮುನ್ನ ಚರಂಡಿ ಬಿಡಿಸುವ ಕೂಲಿ ಉಳಿಸಿದರೆ, ಮಳೆಯ ನಂತರ ರಸ್ತೆಯನ್ನೇ ಮಾಡಿಸಬೇಕಾಗುತ್ತದೆ. ಆದರೆ ಉದ್ಘಾಟನೆಯ ಕಲ್ಲು ಹೊಸ ರಸ್ತೆಗೇ ಹೊರತು ಚರಂಡಿಗಲ್ಲ.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂಬುದು ಕಾನೂನು. ಮಕ್ಕಳ ದಾರಿ ಯಾರ ಲೆಕ್ಕದಲ್ಲಿದೆಯೆಂದು ತಂದೆತಾಯಿಗಳು ಮೊದಲು ಅಲ್ಲಿ ಕೇಳಲಿ. ಒಡೆಯ ಗೊತ್ತಾದರೆ ಅರ್ಜಿ ಅಲೆಯುವುದು ತಪ್ಪೀತು.