ರಿಕಾಪಿಲ್ಲದ ಸವಾರ

ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಬಳಿ, ವಾಹನಗಳ ಸುಳಿಯ ನಡುವೆ, ಎತ್ತರದ ಕಟ್ಟೆಯ ಮೇಲೊಬ್ಬ ಕಂಚಿನ ಕುದುರೆ ಸವಾರ. ನನ್ನ ಕಣ್ಣು ಮೊದಲು ಹೋದದ್ದು ಅವನ ಕಾಲಿಗೆ. ಕಾಲು ಗಾಳಿಯಲ್ಲಿ ಇಳಿಬಿದ್ದಿದೆ! ರಿಕಾಪೇ ಇಲ್ಲ. ಸುತ್ತಿ ಆ ಮಗ್ಗುಲಿಗೆ ಹೋದೆ, ಅಲ್ಲೂ ಇಲ್ಲ. ಆಮೇಲೆ ಹೆಸರು ತಿಳಿಯಿತು: ಥಾಮಸ್ ಮನ್ರೋ. ಮೈ ಜುಂ ಎಂದಿತು. ಅಲ್ರೀ, ಇಂವ ನಮ್ಮ ಬೆಳಗಾವಿ ಕೋಟೆ ಹಿಡಿದ ಮನ್ರೋ!

1818. ಪೇಶ್ವೆಯ ಆಳ್ವಿಕೆ ಕುಸಿಯುತ್ತಿದ್ದ ಹೊತ್ತು. ಧಾರವಾಡದ ಕಡೆಯಿಂದ ಹೊರಟು, ಬಾದಾಮಿಯನ್ನು ಗೆದ್ದು, ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಮನ್ರೋನ ಪಡೆ ಬೆಳಗಾವಿಗೆ ಬಂತು. ಸುಮಾರು ಮೂರು ವಾರ ಮುತ್ತಿಗೆ. ಏಪ್ರಿಲ್ 10ಕ್ಕೆ ಕೋಟೆ ಅವರ ಕೈಸೇರಿತು. ಅದೇ ಕೋಟೆಯ ಕಂದಕದ ಮಗ್ಗುಲಿನಿಂದ ನಾನು ಎಷ್ಟು ಸಲ ಒಳಗಿನ ಕಮಲ ಬಸದಿಗೆ ನಡೆದಿಲ್ಲ! ಕತ್ತೆತ್ತಿ ನಿಂತರೆ ಮೇಲೆ ಕಲ್ಲಿನ ಕಮಲ ತೂಗುತ್ತದೆ. ರಟ್ಟರ ಮಂತ್ರಿ ಬೀಚಿರಾಜ ಬಸದಿ ಕಟ್ಟಿಸಿದ್ದು 1204ರಲ್ಲಿ. ತೋಪುಗಳು ಗುಡುಗಿದಾಗ ಆ ಕಮಲಕ್ಕೆ ಆಗಲೇ ಆರುನೂರು ದಾಟಿತ್ತು. ಒಂದು ಎಸಳೂ ಬಾಡದೆ ಇವತ್ತಿಗೂ ಅಲ್ಲೇ ಇದೆ.

ಎರಡೇ ವರ್ಷದಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆದ. 1827ರ ಜುಲೈನಲ್ಲಿ ಪತ್ತಿಕೊಂಡದಲ್ಲಿ ಕಾಲರಾ ಅವನನ್ನು ಒಯ್ದಿತು. ಜನರಿಂದ ಚಂದಾ ಎತ್ತಿದರು, ಲಂಡನ್ನಿನ ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ಪ್ರತಿಮೆ ಮಾಡಿದ, ಹಡಗಿನಲ್ಲಿ ಬಂದ ಕುದುರೆ 1839ರಲ್ಲಿ ಇಲ್ಲಿ ನಿಂತಿತು. ರಿಕಾಪು ಮರೆತ ಶಿಲ್ಪಿ ನಾಚಿ ಪ್ರಾಣ ಬಿಟ್ಟನೆಂದು ಒಂದು ಕಟ್ಟುಕತೆ ಉಂಟು. ಅವನು ಮರೆತಿರಲಿಲ್ಲ! ಟ್ರಫಾಲ್ಗರ್ ಚೌಕದಲ್ಲಿ ಅವನೇ ಮಾಡಿದ ನಾಲ್ಕನೇ ಜಾರ್ಜ್ ದೊರೆಗೂ ರಿಕಾಪಿಲ್ಲ. ಅವನು ಹಿಡಿದದ್ದು ಪ್ರಾಚೀನ ರೋಮಿನ ಮಾದರಿ, ಆ ರೋಮಿನವರಿಗೆ ರಿಕಾಪೇ ಗೊತ್ತಿರಲಿಲ್ಲ. ರೋಮಿನಲ್ಲಿರುವ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಕಂಚಿನ ಕಾಲುಗಳೂ ಹೀಗೇ ಜೋತಿವೆ. ಎರಡನೆಯ ಶತಮಾನದ ರೋಮಿನಿಂದ ಚೆನ್ನೈಗೆ, ಚೆನ್ನೈಯಿಂದ ನಮ್ಮ ಕೋಟೆ ಬಾಗಿಲಿಗೆ! ಆ ರಸ್ತೆಬದಿಯಲ್ಲಿ ನಿಂತಲ್ಲೇ ನನಗೆ ತಲೆ ಗಿರ್ರೆಂದಿತು.

ಇಂಥ ಪ್ರತಿಮೆಗೆ ಕಂಚು ಹೊಯ್ಯುವ ಮೊದಲು ಮಣ್ಣಿನಲ್ಲಿ ಮೈ ಕಟ್ಟಬೇಕು. ಮಣ್ಣೆಂದರೆ ನನಗೆ ಖಾನಾಪುರ. ಹೆಂಚು, ಇಟ್ಟಿಗೆ, ಗಡಿಗೆಗಳ ಊರು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಹರಿದುಬರುವ ಊರು. ಊರಿಗೆ ಮರಳಿದವನೇ ಅಲ್ಲಿಗೆ ಓಡಿದೆ, ಅಲ್ಲಿಂದ ಅದೇ ತಾಲ್ಲೂಕಿನ ನಂದಗಡಕ್ಕೆ. ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು ಕಂಪನಿಯವರು 1831ರ ಜನವರಿ 26ರಂದು ನೇಣಿಗೇರಿಸಿದ ಊರದು. ಸಮಾಧಿಯ ಬಳಿ ಒಂದು ಆಲದ ಸಸಿ ನೆಟ್ಟರಂತೆ. ಲೆಕ್ಕ ಹಾಕಿ ನೋಡಿ: ಮದ್ರಾಸಿನ ಕಂಚಿನ ಕುದುರೆಗಿಂತ ಎಂಟು ವರ್ಷ ಮುಂಚಿನ ಮಾತು!

ಈಗಲೂ ಜನ ಹರಕೆ ಹೊತ್ತು ಬರುತ್ತಾರೆ. ನಾನೂ ಚಪ್ಪಲಿ ಬಿಟ್ಟು ಆ ಆಲದ ನೆರಳಿಗೆ ಹೋದೆ. ಮೇಲಿನಿಂದ ಇಳಿದ ಒಂದು ಬಿಳಲು ನೆಲ ಮುಟ್ಟಿ, ಬೇರೂರಿ, ತಾನೇ ಕಾಂಡವಾಗಿ ನಿಂತಿತ್ತು. ಅದನ್ನು ತಬ್ಬಿಕೊಂಡೆ. ನನ್ನ ಎರಡು ತೋಳು ಸಾಲಲಿಲ್ಲ.