ಅಡಿಕೆ ದ್ವೀಪದ ಮರ, ಸೂಳೆಕೆರೆಯ ನೀರು

ಮಲೇಷ್ಯಾ ಪ್ರವಾಸಕ್ಕೆ ಹೋದವರು ಕೌಲಾಲಂಪುರದ ಜೋಡಿ ಗೋಪುರಗಳನ್ನು ನೋಡಿ ಮುಗಿಸಿದ ಮೇಲೆ ಪಿನಾಂಗ್ ದ್ವೀಪಕ್ಕೆ ಹೊರಡುವುದುಂಟು. ಅಲ್ಲಿನ ಜಾರ್ಜ್‌ಟೌನ್ ಪಟ್ಟಣ 2008ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಸಮುದ್ರ, ಹಳೆಯ ಬೀದಿಗಳು, ಬೀದಿ ತಿಂಡಿ ಎಲ್ಲವೂ ಪ್ರವಾಸಿಗರಿಗೆ ಇಷ್ಟ. ಆದರೆ ನಮ್ಮ ಚನ್ನಗಿರಿ ಕಡೆಯವರು ಯಾರಾದರೂ ಅಲ್ಲಿಗೆ ಹೋದರೆ ಆ ರಾಜ್ಯದ ಬಾವುಟವನ್ನೊಮ್ಮೆ ನೋಡಬೇಕು. ಅದರ ನಟ್ಟನಡುವೆ ಒಂದು ಮರದ ಚಿತ್ರವಿದೆ. ಯಾರೂ ಹೇಳಿಕೊಡಬೇಕಾಗಿಲ್ಲ, ಅದು ಅಡಿಕೆ ಮರ.

ಮಲಯ ಭಾಷೆಯಲ್ಲಿ ‘ಪಿನಾಂಗ್’ ಎಂದರೇ ಅಡಿಕೆ. ಹಾಗಾಗಿ ‘ಪುಲಾವ್ ಪಿನಾಂಗ್’ ಎಂಬ ಹೆಸರಿನ ಅರ್ಥ ಅಡಿಕೆ ದ್ವೀಪ. ಹೆಣ್ಣು ಕೇಳುವುದಕ್ಕೆ ಆ ಭಾಷೆಯಲ್ಲಿ ‘ಮೆಮಿನಾಂಗ್’ ಎನ್ನುತ್ತಾರೆ. ಆ ಮಾತಿನ ಹೊಟ್ಟೆಯಲ್ಲಿಯೂ ಅಡಿಕೆಯೇ ಕೂತಿದೆ. ನಾವು ಮದುವೆ ಮಾತಾದ ಮೇಲೆ ವೀಳ್ಯಶಾಸ್ತ್ರ ಮಾಡುತ್ತೇವೆ, ಎಲೆ ಅಡಿಕೆ ಬದಲಾಯಿಸಿಕೊಳ್ಳುತ್ತೇವೆ. ಸಾವಿರಾರು ಮೈಲಿ ಆಚೆಯ ದ್ವೀಪದವರಿಗೂ ಸಂಬಂಧ ಕುದುರಿಸಲು ಅದೇ ಕಾಯಿ ಬೇಕು. ಇದು ಕಾಕತಾಳೀಯವಲ್ಲ. ಮರವೇ ಅಲ್ಲಿಯದು.

ಹೆಸರಿನಲ್ಲಿ ನಾವು, ಹುಟ್ಟಿನಲ್ಲಿ ಅವರು

1753ರಲ್ಲಿ ಲಿನೇಯಸ್ ಅಡಿಕೆಗೆ ಇಟ್ಟ ವೈಜ್ಞಾನಿಕ ಹೆಸರು ‘ಅರೆಕಾ ಕಟೇಚು’. ‘ಅರೆಕಾ’ ಎಂಬುದು ಮಲಯಾಳದ ‘ಅಡಕ್ಕ’ ಪೋರ್ಚುಗೀಸರ ಬಾಯಲ್ಲಿ ಸಿಕ್ಕಿ ಆದ ರೂಪ. ನಮ್ಮ ‘ಅಡಿಕೆ’ ಅದರ ಒಡಹುಟ್ಟು. ‘ಕಟೇಚು’ವಿನಲ್ಲಿ ಎಲೆಗೆ ಹಚ್ಚುವ ‘ಕಾಚು’ ಇದೆ. ಹೆಸರು ನೋಡಿದರೆ ಈ ಮರ ನಮ್ಮ ಕರಾವಳಿಯಲ್ಲೇ ಹುಟ್ಟಿತೇನೋ ಅನ್ನಿಸಬೇಕು. ಆದರೆ ಅಡಿಕೆಯ ಕುಲದಲ್ಲಿರುವ ಸುಮಾರು 50 ಪ್ರಭೇದಗಳಲ್ಲಿ ಬಹುಪಾಲು ಕಾಡುಮರಗಳಾಗಿ ಸಿಗುವುದು ಮಲಯ ದ್ವೀಪಸ್ತೋಮ, ಫಿಲಿಪೀನ್ಸ್, ನ್ಯೂಗಿನಿಯ ಕಡೆ. ನಾವು ಬೆಳೆಯುವ ಅಡಿಕೆಯ ತವರು ಫಿಲಿಪೀನ್ಸ್ ಸುತ್ತಮುತ್ತ ಎಂಬುದು ಸಸ್ಯವಿಜ್ಞಾನಿಗಳಲ್ಲಿ ಹೆಚ್ಚಿನವರ ಅಭಿಪ್ರಾಯ.

ಅಲ್ಲಿನ ಪಲವಾನ್ ದ್ವೀಪದ ಡುಯೋಂಗ್ ಗುಹೆಯಲ್ಲಿ ಸುಮಾರು 4,600 ವರ್ಷ ಹಳೆಯ ಅಸ್ಥಿಪಂಜರವೊಂದು ಸಿಕ್ಕಿತು. ಅದರ ಹಲ್ಲಿನ ಮೇಲೆ ಎಲೆ ಅಡಿಕೆಯ ಕರೆ ಇತ್ತು. ಪಕ್ಕದಲ್ಲಿ ಸುಣ್ಣ ಇಡುವ ಕಪ್ಪೆಚಿಪ್ಪುಗಳಿದ್ದವು. ಸತ್ತವನ ಜೊತೆ ಅವನ ಸುಣ್ಣದ ಡಬ್ಬಿಯನ್ನೂ ಇಟ್ಟು ಕಳಿಸಿದ್ದರು. ನಮ್ಮ ಅಜ್ಜಂದಿರ ಸೊಂಟದ ಎಲೆಚೀಲ ನೆನಪಾದರೆ ತಪ್ಪಿಲ್ಲ.

ಅಡಿಕೆ ಒಂಟಿಯಾಗಿ ಬರಲಿಲ್ಲ. ಚನ್ನಗಿರಿ ಅಥವಾ ಹೊನ್ನಾಳಿಯ ಒಂದು ತೋಟದಲ್ಲಿ ನಿಂತು ಸುತ್ತ ನೋಡಿ. ಅಡಿಕೆಯ ನಡುವೆ ಬಾಳೆ, ಬದುವಿನ ಮೇಲೆ ತೆಂಗು, ಮರಕ್ಕೆ ಹಬ್ಬಿದ ವೀಳ್ಯದೆಲೆ, ಆಚೆ ಹೊಲದಲ್ಲಿ ಕಬ್ಬು. ಇವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಉಷ್ಣವಲಯದ ದ್ವೀಪಗಳ ಬಳಗ. ಕಬ್ಬನ್ನು ಮೊದಲು ಪಳಗಿಸಿದವರು ನ್ಯೂಗಿನಿಯವರು. ಅದೇ ದ್ವೀಪದ ಕುಕ್ ಎಂಬ ಜೌಗಿನಲ್ಲಿ ಸುಮಾರು 7,000 ವರ್ಷಗಳ ಹಿಂದೆಯೇ ಮಣ್ಣಿನ ದಿಬ್ಬ ಮಾಡಿ ಬಾಳೆ ಬೆಳೆದ ಕುರುಹು ಸಿಕ್ಕಿದೆ.

ಬಾಳೆಯ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ಕಾಡುಬಾಳೆಯ ಹಣ್ಣಿನ ತುಂಬ ಕಲ್ಲಿನಂಥ ಬೀಜ. ತಿನ್ನುವ ಬಾಳೆಯಲ್ಲಿ ಬೀಜವೇ ಇಲ್ಲ, ಬುಡದಲ್ಲಿ ಬರುವ ಕಂದು ಕಿತ್ತು ನೆಟ್ಟರಷ್ಟೇ ಮುಂದಿನ ಪೀಳಿಗೆ. ಹಕ್ಕಿ ಅದನ್ನು ಹೊತ್ತು ತರಲಾರದು, ಅಲೆಯೂ ತರಲಾರದು. ಹಾಗಾದರೆ ಸಮುದ್ರ ದಾಟಿದ ಪ್ರತಿಯೊಂದು ಬಾಳೆಯ ಹಿಂದೆಯೂ ದೋಣಿಯಲ್ಲಿ ಕಂದನ್ನು ಒಣಗದಂತೆ ಕಾಪಾಡಿಕೊಂಡು ಬಂದ ಒಬ್ಬ ಮನುಷ್ಯ ಇದ್ದಾನೆ.

ತೆಂಗಿಗೆ ಮಾತ್ರ ಅಂಥ ಹಂಗಿಲ್ಲ. ಅದರ ನಾರಿನ ಸಿಪ್ಪೆಯೇ ತೆಪ್ಪ. ಹವಾಯಿಯಲ್ಲಿ ನಡೆಸಿದ ಪ್ರಯೋಗದಲ್ಲಿ 110 ದಿನ ಉಪ್ಪುನೀರಿನಲ್ಲಿ ತೇಲಿದ ಕಾಯಿ ಕೂಡ ಮೊಳೆತಿತು. ಆದರೂ ಅದು ಮನುಷ್ಯನ ಸಹವಾಸ ಬಿಡಲಿಲ್ಲ. 2011ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನವೊಂದು ಜಗತ್ತಿನ ತೆಂಗಿನಲ್ಲಿ ಎರಡು ಮುಖ್ಯ ಬಳಗಗಳಿವೆ ಎಂದು ತೋರಿಸಿತು. ಒಂದು ಪೆಸಿಫಿಕ್ ಸಾಗರದ್ದು, ಇನ್ನೊಂದು ಹಿಂದೂ ಮಹಾಸಾಗರದ್ದು. ಇವೆರಡೂ ಬೆರೆತ ಮರಗಳು ಮಡಗಾಸ್ಕರ್ ಕಡೆ ಸಿಕ್ಕವು. ಬೋರ್ನಿಯೊ ದ್ವೀಪದ ಕಡೆಯಿಂದ ಪಕ್ಕತೇಲುಗಳ ದೋಣಿ ಕಟ್ಟಿಕೊಂಡು ಹಿಂದೂ ಮಹಾಸಾಗರ ದಾಟಿ ಮಡಗಾಸ್ಕರ್‌ನಲ್ಲಿ ನೆಲೆ ನಿಂತ ಆಸ್ಟ್ರೊನೇಷ್ಯನ್ ನಾವಿಕರ ಹೆಜ್ಜೆಗುರುತು ಅದು. ಅವರ ಭಾಷೆಯ ಹತ್ತಿರದ ನೆಂಟ ಇಂದಿಗೂ ಬೋರ್ನಿಯೊದಲ್ಲಿದೆ.

ತೋಟದಲ್ಲಿ ನಮ್ಮದೇ ಅನ್ನಬಹುದಾದ್ದು ಕರಿಮೆಣಸಿನ ಬಳ್ಳಿ. ಅದು ಪಶ್ಚಿಮಘಟ್ಟದ ಮಗಳು. ವೀಳ್ಯದ ಬಳ್ಳಿ ಅದರ ದಾಯಾದಿ, ಒಂದೇ ಕುಲ. ಕಡಲಾಚೆಯ ನೆಂಟ ಮತ್ತು ಘಟ್ಟದ ನೆಂಟ ಒಂದೇ ಅಡಿಕೆ ಮರಕ್ಕೆ ಹಬ್ಬುವುದನ್ನು ನಮ್ಮ ತೋಟಗಳಲ್ಲಿ ನೋಡಬಹುದು.

ಎತ್ತಿನ ಬೆನ್ನಿನ ದಾರಿ

ಕಡಲ ಸರಕು ಬಯಲುಸೀಮೆಗೆ ಬಂದದ್ದು ಎತ್ತಿನ ಬೆನ್ನಿನ ಮೇಲೆ. ರೈಲು ಬರುವ ಮೊದಲು ಉಪ್ಪು, ಧಾನ್ಯಗಳನ್ನು ದೂರದೂರಕ್ಕೆ ಸಾಗಿಸುತ್ತಿದ್ದವರು ಲಂಬಾಣಿಗಳು. ಆ ಹೆಸರೇ ‘ಲವಣ’ದಿಂದ ಬಂತೆಂದು ಹೇಳುವ ವಿದ್ವಾಂಸರಿದ್ದಾರೆ. ಅವರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಫೆಬ್ರುವರಿ ನಡುವಿನ ಜಯಂತಿಗೆ ಹಲವು ರಾಜ್ಯಗಳ ಲಂಬಾಣಿಗರು ಅಲ್ಲಿ ಸೇರುತ್ತಾರೆ. ಸಮುದ್ರ ಕಾಣದ ಊರಿಗೂ ಸಮುದ್ರಕ್ಕೂ ನಂಟು ಹೀಗಿರುತ್ತದೆ.

ದ್ವೀಪದ ಹವೆಯನ್ನು ಯಾರು ತಂದರು?

ಮರ ಬಂತು. ಅದು ಬೆಳೆದ ಹವೆ ಬರಲಿಲ್ಲ. ವಿಷಯ ಇರುವುದೇ ಇಲ್ಲಿ.

ಒಂದೇ ತೂಕದ ಒಣಮಣ್ಣು ಮತ್ತು ನೀರನ್ನು ಒಂದೇ ಬಿಸಿಲಿಗೆ ಇಟ್ಟರೆ ಮಣ್ಣು ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಕಾಯಲು ಮಣ್ಣಿಗಿಂತ ನಾಲ್ಕೈದು ಪಟ್ಟು ಶಾಖ ಬೇಕು. ಸುತ್ತಲೂ ಸಮುದ್ರವಿರುವ ಪಿನಾಂಗಿನಲ್ಲಿ ಇದೂ ಒಂದು ಕಾರಣವಾಗಿ ವರ್ಷದ ಯಾವ ತಿಂಗಳಾದರೂ ಸರಾಸರಿ ಉಷ್ಣತೆ 27–28 ಡಿಗ್ರಿಯ ಆಸುಪಾಸು. ಫಿಲಿಪೀನ್ಸ್‌ನಲ್ಲಿ ವರ್ಷಕ್ಕೆ ಸರಾಸರಿ 2,300 ಮಿಲಿಮೀಟರಿನಷ್ಟು ಮಳೆ. ಅಲ್ಲಿ ಗಾಳಿಯಲ್ಲಿ ಸದಾ ತೇವ. ಅಡಿಕೆ ಮರ ತನ್ನ ದೇಹವನ್ನು ರೂಪಿಸಿಕೊಂಡಿರುವುದು ಆ ಹವೆಗೆ. ಅದರ ಬೇರು ಆಳಕ್ಕಿಳಿಯುವುದಿಲ್ಲ, ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ. ನಿತ್ಯ ಮಳೆ ಬರುವಲ್ಲಿ ಆಳಕ್ಕೆ ಹೋಗುವ ಗರಜಾದರೂ ಏನು?

ಬಯಲಿಗೆ ಬಂದ ಅಡಿಕೆಗೆ ಏನಾಗುತ್ತದೆಂದು ನೋಡಲು ಏಪ್ರಿಲ್ ತಿಂಗಳಲ್ಲಿ ತೋಟದ ಪಡುವಣ ಅಂಚಿಗೆ ಹೋಗಬೇಕು. ಅಂಚಿನ ಸಾಲಿನ ಮರಗಳ ಕಾಂಡದ ಮೇಲೆ, ನೈಋತ್ಯ ದಿಕ್ಕಿಗೆ, ಹಳದಿ ಕಲೆ ಕಾಣುತ್ತದೆ. ಮುಂದೆ ಅದೇ ಕಂದಾಗುತ್ತದೆ, ಬಿರುಕು ಬಿಡುತ್ತದೆ. ಅದು ಮಧ್ಯಾಹ್ನದ ಬಿಸಿಲಿನ ಏಟು. ಮಾವು, ಬೇವಿನ ಕಾಂಡಕ್ಕೆ ಗಾಯವಾದರೆ ತೊಗಟೆಯ ಕೆಳಗಿನ ಬೆಳೆಯುವ ಪದರ ಹೊಸ ಅಂಗಾಂಶ ಕಟ್ಟಿ ಗಾಯ ಮುಚ್ಚುತ್ತದೆ. ಅಡಿಕೆ, ತೆಂಗು ಹುಲ್ಲಿನ ದೂರದ ನೆಂಟರು. ಅವುಗಳ ಕಾಂಡದಲ್ಲಿ ಆ ಪದರವೇ ಇಲ್ಲ. ಒಮ್ಮೆ ಸುಟ್ಟ ಕಲೆ ಮರ ಇರುವವರೆಗೂ ಇರುತ್ತದೆ, ಜೋರು ಗಾಳಿ ಬೀಸಿದ ದಿನ ಮರ ಮುರಿಯುವುದು ಹೆಚ್ಚಾಗಿ ಅಲ್ಲೇ. ರೈತರು ಕಾಂಡಕ್ಕೆ ಅಡಿಕೆ ಹಾಳೆ, ಸೋಗೆ ಕಟ್ಟುವುದು, ಪಡುವಣಕ್ಕೆ ನೆರಳಿನ ಮರ ಬೆಳೆಸುವುದು, ಎಳೆ ಸಸಿಗೆ ಬಾಳೆಯನ್ನು ಕೊಡೆಯಾಗಿ ನೆಡುವುದು ಈ ಕಾರಣಕ್ಕೆ. ತವರಿನವನೊಬ್ಬ ಇನ್ನೊಬ್ಬನಿಗೆ ನೆರಳಾಗುತ್ತಾನೆ.

ಒಳಸಾಲಿಗೆ ಹೋದರೆ ಬೇರೆಯದೇ ಲೋಕ. ರಸ್ತೆಯ ಮೇಲೆ ಅಂಗಾಲು ಸುಡುತ್ತಿದ್ದರೂ ತೋಟದೊಳಗೆ ತಂಪು. ಎಲೆಗಳು ಬಿಡುವ ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖಕ್ಕಿಂತ ಅದನ್ನು ಆವಿ ಮಾಡಲು ಬೇಕಾದದ್ದು ಐದು ಪಟ್ಟಿಗೂ ಹೆಚ್ಚು. ತೋಟವೆಂದರೆ ಬಯಲಿನ ನಡುವೆ ನೀರು ಖರ್ಚು ಮಾಡಿ ಕಟ್ಟಿಕೊಂಡ ಒಂದು ತುಂಡು ದ್ವೀಪ.

ಈ ದ್ವೀಪಕ್ಕೆ ಸಮುದ್ರ ಯಾವುದು? ಚನ್ನಗಿರಿಯವರ ಮಟ್ಟಿಗೆ ಸೂಳೆಕೆರೆ, ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ. ಸ್ವರ್ಗವತಿ ಪಟ್ಟಣದ ಅರಸುಮಗಳು ಶಾಂತವ್ವ ಕಟ್ಟಿಸಿದಳು, ಜಾಗ ಬಿಟ್ಟುಕೊಟ್ಟ ವೇಶ್ಯೆಯರು ತಮ್ಮ ಹೆಸರು ಉಳಿಯಬೇಕೆಂದು ಕೇಳಿದರು ಎಂಬುದು ಐತಿಹ್ಯ. ಹರಿದ್ರಾ ಹೊಳೆ ಎರಡು ಗುಡ್ಡಗಳ ನಡುವೆ ನುಸುಳುವ ಕಣಿವೆಗೆ ಹಾಕಿದ ಏರಿಯ ಉದ್ದ ಸುಮಾರು 950 ಅಡಿ ಮಾತ್ರ. ಅದರ ಹಿಂದೆ ನಿಲ್ಲುವ ನೀರು 2,651 ಹೆಕ್ಟೇರ್. ಇಷ್ಟು ಚಿಕ್ಕ ಕಟ್ಟೆಯಿಂದ ಇಷ್ಟು ದೊಡ್ಡ ಕೆರೆ ಮಾಡಿದವರಿಗೆ ನೆಲದ ಮಟ್ಟ ಓದಲು ಬರುತ್ತಿತ್ತು. ಸಿದ್ಧ, ಬಸವ ಎಂಬ ಎರಡು ನಾಲೆಗಳು ಇಲ್ಲಿಂದ ಹೊರಡುತ್ತವೆ. ಹೊನ್ನಾಳಿಗೆ ತುಂಗಭದ್ರೆ ಊರ ಮಗ್ಗುಲಲ್ಲೇ ಇದ್ದಾಳೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಕಾಲುವೆಗಳು ಬಂದ ಮೇಲೆ ತೋಟಗಳು ಇನ್ನೂ ಹಬ್ಬಿದವು. ಅಂದಹಾಗೆ, ನೀರ ನಡುವೆಯೇ ಇರುವ ದ್ವೀಪ ನೋಡುವ ಆಸೆಯಿದ್ದವರು ಸಂತೇಬೆನ್ನೂರಿನ ಪುಷ್ಕರಣಿಗೆ ಹೋಗಿ ಅದರ ನಡುವಿನ ವಸಂತ ಮಂಟಪ ನೋಡಬಹುದು. ಪಾಸ್‌ಪೋರ್ಟ್ ಬೇಡ.

ಒಂದು ಎಕರೆಯ ಲೆಕ್ಕ

ಇಂದು ಚನ್ನಗಿರಿ ಕೆಂಪಡಿಕೆಯ ದೊಡ್ಡ ಊರು. ಹಸಿಗೊನೆ ಇಳಿಸಿ, ಸುಲಿದು, ಚೊಗರು ಹಾಕಿ ಬೇಯಿಸಿ, ಅಂಗಳದಲ್ಲಿ ಹರವಿದ ರಾಶಿಯ ಕೆಂಪು ಕೊಯ್ಲಿನ ದಿನಗಳಲ್ಲಿ ಊರೂರಲ್ಲಿ ಕಾಣುತ್ತದೆ. ಬೆಳೆಗಾರರದೇ ಸಹಕಾರ ಸಂಘ ತುಮ್ಕೋಸ್ ಇಲ್ಲಿದೆ. ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಜಗಿಯುವವರ ವಿಷಯದಲ್ಲಿ ವಿಜ್ಞಾನದ ಮಾತು ಕಹಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಯುವವರ ಮುಂದೆ ಇರುವುದು ಇನ್ನೊಂದು ಲೆಕ್ಕ, ನೀರಿನದು.

ಮರದಿಂದ ಮರಕ್ಕೆ 2.7 ಮೀಟರ್ ಅಂತರವಿಟ್ಟರೆ ಎಕರೆಗೆ ಸುಮಾರು 550 ಮರ. ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕೆಂದು ಶಿಫಾರಸು. ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರ್ ಎಂದಿಟ್ಟುಕೊಳ್ಳಿ. ಮಳೆಯ ಭಾಷೆಯಲ್ಲಿ ಹೇಳಿದರೆ ದಿನವೂ ಎರಡೂವರೆ ಮಿಲಿಮೀಟರ್. ಬೇಸಿಗೆಯ 150 ದಿನಕ್ಕೆ 375 ಮಿಲಿಮೀಟರ್. ಮಳೆ ಕೈಕೊಟ್ಟ ವರ್ಷಗಳಲ್ಲಿ ಚನ್ನಗಿರಿಯ ರೈತರು ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಳ್ಳಲು ಹೆಣಗಿದ್ದು ಈ ಲೆಕ್ಕದ ಕಾರಣದಿಂದಲೇ.

ಈಗ ಜಗಳೂರಿಗೆ ಬನ್ನಿ. ಅಲ್ಲಿ ಇಡೀ ವರ್ಷ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ತುಂಗಭದ್ರೆಯ ನೀರನ್ನು ದೀಟೂರಿನ ಬಳಿ ಎತ್ತಿ 57 ಕೆರೆ ತುಂಬಿಸುವ ಯೋಜನೆ ಈ ಬರದ ಸೀಮೆಗಾಗಿಯೇ ಆದದ್ದು. ಅಡಿಕೆಯ ದರ ಕಂಡು ಇಲ್ಲೂ ಸಸಿ ನೆಡುವ ಆಸೆ ಸಹಜ. ಆದರೆ ಬರೀ ಬೋರ್‌ವೆಲ್ ನಂಬಿ ತೋಟ ಕಟ್ಟುವುದೆಂದರೆ ಸಮುದ್ರವಿಲ್ಲದೆ ದ್ವೀಪ ಮಾಡಲು ಹೊರಟಂತೆ.

ಜಗಳೂರಿನ ಕಾಡು ನೋಡಿದರೆ ಈ ನೆಲದ ಸ್ವಂತ ಬುದ್ಧಿ ಗೊತ್ತಾಗುತ್ತದೆ. 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗ ವನ್ಯಜೀವಿಧಾಮದ 77 ಚದರ ಕಿಲೋಮೀಟರ್ ಕುರುಚಲು ಕಾಡಿನಲ್ಲಿ ಮರಗಳು ಬೇಸಿಗೆಗೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಆದಾಯವಿಲ್ಲದ ತಿಂಗಳಲ್ಲಿ ಖರ್ಚು ನಿಲ್ಲಿಸುವ ಸಂಸಾರಸ್ಥರಂತೆ. ಅಡಿಕೆಗೆ ಆ ವಿದ್ಯೆ ಬರುವುದಿಲ್ಲ, ಅದು ವರ್ಷವಿಡೀ ಹಸಿರು, ವರ್ಷವಿಡೀ ಖರ್ಚು. ಈ ಕಾಡು ಇರುವುದು ಕೊಂಡುಕುರಿಗಾಗಿ. ಗಂಡಿಗೆ ನಾಲ್ಕು ಕೊಂಬು, ತೂಕ ಇಪ್ಪತ್ತು ಕಿಲೋ ಆಸುಪಾಸು. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲದ ಜೀವಿ. ಸುತ್ತಲೂ ಹೊಲಗಳಿರುವ ಈ ಕಾಡೂ ಒಂದು ದ್ವೀಪವೇ. ದ್ವೀಪ ಚಿಕ್ಕದಾದಷ್ಟೂ ಅದರಲ್ಲಿ ಉಳಿಯುವ ಜೀವಿಗಳ ಬಗೆ ಕಡಿಮೆಯಾಗುತ್ತದೆ ಎಂದು ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ 1967ರಲ್ಲಿ ಸಮುದ್ರದ ದ್ವೀಪಗಳನ್ನಿಟ್ಟುಕೊಂಡು ಬರೆದದ್ದು ಇಂಥ ನೆಲದ್ವೀಪಗಳಿಗೂ ಹೊಂದುತ್ತದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮಲ್ಲಿದೆ. ಅಡಿಕೆಗೆ ಹೋದ ಅಂತರ್ಜಲಕ್ಕೂ ಅದೇ ಮಾತು. ಆದ್ದರಿಂದ ಸಸಿ ತರುವ ಮೊದಲು ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರ್ ಎಂಬ ಲೆಕ್ಕವನ್ನು ಒಮ್ಮೆ ಚೀಟಿಯಲ್ಲಿ ಬರೆದು ನೋಡಿ. ತೋಟ ಇರುವವರು ಸೂಳೆಕೆರೆಯ ಹೂಳಿನ ಬಗ್ಗೆ, ಒತ್ತುವರಿಯ ಬಗ್ಗೆ ಗ್ರಾಮಸಭೆಯಲ್ಲಿ ಕೇಳುವುದನ್ನು ಬಿಡಬೇಡಿ. ಪಿನಾಂಗಿನ ಅಡಿಕೆ ಮರವನ್ನು ಸಮುದ್ರ ನೋಡಿಕೊಳ್ಳುತ್ತದೆ. ಇಲ್ಲಿ ಆ ಕೆಲಸ ಕೆರೆಯದು, ಕೆರೆಯನ್ನು ನೋಡಿಕೊಳ್ಳುವ ಕೆಲಸ ನಮ್ಮದು.