ಮನೆಯ ಕಂಪ್ಯೂಟರಿನ ಕಾವಲು: ಸ್ಕ್ಯಾನ್ ಯಾವಾಗ, ಎಲ್ಲಿ, ಎಷ್ಟು

ವಿಂಡೋಸ್ 8 ಅಥವಾ ಅದರ ನಂತರದ ಆವೃತ್ತಿ ಇರುವ ಯಾವ ಕಂಪ್ಯೂಟರಿನಲ್ಲೂ ಆಂಟಿವೈರಸ್ ಮೊದಲೇ ಇರುತ್ತದೆ. ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ, ವರ್ಷ ವರ್ಷ ಕೀ ಕೊಳ್ಳಬೇಕಿಲ್ಲ. 2006ರಲ್ಲಿ ವಿಂಡೋಸ್ ಡಿಫೆಂಡರ್ ಎಂಬ ಹೆಸರಿನಲ್ಲಿ ಹೊರಬಂದಾಗ ಅದು ಬೇಹುಗಾರಿಕೆಯ ತಂತ್ರಾಂಶಗಳನ್ನಷ್ಟೇ ಹಿಡಿಯುತ್ತಿತ್ತು. 2012ರಲ್ಲಿ ವಿಂಡೋಸ್ 8ರ ಜೊತೆ ಪೂರ್ಣ ಆಂಟಿವೈರಸ್ ಆಯಿತು, 2020ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್ ಎಂದು ಹೆಸರಾಯಿತು. ವಿಂಡೋಸ್ 10 ಅಥವಾ ಅದರ ನಂತರದ್ದಾದರೆ ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ಯನ್ನು ಹುಡುಕಿ ತೆರೆದು ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ಒತ್ತಿದರೆ ಈ ಅಧ್ಯಾಯಕ್ಕೆ ಬೇಕಾದದ್ದೆಲ್ಲ ಅಲ್ಲೇ ಸಿಗುತ್ತದೆ. ಬೇರೆ ಕಂಪನಿಯ ಆಂಟಿವೈರಸ್ ಹಾಕಿಸಿದ್ದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಅವಧಿ ಮುಗಿದ ಹಳೆಯ ಆಂಟಿವೈರಸ್ ಸುಮ್ಮನೆ ಕೂತಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್ ಮತ್ತೆ ಕೆಲಸಕ್ಕೆ ಬರುತ್ತದೆ.

ಸ್ಕ್ಯಾನ್ ನಾಲ್ಕು ಬಗೆ. ಕ್ವಿಕ್ ಸ್ಕ್ಯಾನ್ ವೈರಸ್ಸುಗಳು ಸಾಮಾನ್ಯವಾಗಿ ಬೇರೂರುವ ಜಾಗಗಳನ್ನು ನೋಡುತ್ತದೆ: ಓಡುತ್ತಿರುವ ಪ್ರೋಗ್ರಾಮುಗಳು, ಕಂಪ್ಯೂಟರ್ ಆನ್ ಆದಾಗ ತಾವಾಗಿ ಶುರುವಾಗುವಂಥವು, ರಿಜಿಸ್ಟ್ರಿಯ ಕೆಲವು ಮೂಲೆಗಳು. ಫುಲ್ ಸ್ಕ್ಯಾನ್ ಹಾರ್ಡ್‌ಡಿಸ್ಕಿನ ಫೈಲುಗಳನ್ನೆಲ್ಲ ತಡಕುತ್ತದೆ. ಕಸ್ಟಮ್ ಸ್ಕ್ಯಾನ್ ನೀವು ತೋರಿಸಿದ ಫೋಲ್ಡರನ್ನಷ್ಟೇ ನೋಡುತ್ತದೆ. ಆಫ್‌ಲೈನ್ ಸ್ಕ್ಯಾನ್ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮೊದಲೇ, ಸುಮಾರು 15 ನಿಮಿಷ ಹುಡುಕುತ್ತದೆ. ಎಷ್ಟು ತೆಗೆದರೂ ಮತ್ತೆ ಮತ್ತೆ ಹುಟ್ಟಿಕೊಳ್ಳುವ ವೈರಸ್ಸಿಗೆ ಇದೇ ಮದ್ದು.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ನಮ್ಮ ಹಾಸನ ಸೀಮೆಯ ಹೊಳೆನರಸೀಪುರದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಕೇಳುವವರಿಂದ ಬರುವ ಮೊದಲ ಪ್ರಶ್ನೆ ಒಂದೇ: “ಹಂಗಾದ್ರೆ ದಿನಾ ಫುಲ್ ಸ್ಕ್ಯಾನೇ ಹಾಕ್ಬಿಟ್ರೆ ಸೇಫ್ ಅಲ್ವಾ ಸಾರ್?” ಅಲ್ಲ. ಈ ತಪ್ಪು ತಿಳಿವಳಿಕೆಯನ್ನು ಬಿಡಿಸದೆ ಮುಂದಿನ ಯಾವ ಸೆಟ್ಟಿಂಗೂ ಅರ್ಥವಾಗುವುದಿಲ್ಲ.

ಡಿಫೆಂಡರ್‌ನ ಹೆಚ್ಚಿನ ಕೆಲಸ ನಡೆಯುವುದು ಸ್ಕ್ಯಾನ್ ಬಟನ್ ಒತ್ತಿದಾಗ ಅಲ್ಲ. ‘ರಿಯಲ್‌ಟೈಮ್ ಪ್ರೊಟೆಕ್ಷನ್’ ಎಂಬ ಭಾಗ ನೀವು ಫೈಲ್ ತೆರೆಯುವ, ಡೌನ್‌ಲೋಡ್ ಮಾಡುವ, ಪ್ರೋಗ್ರಾಮ್ ಓಡಿಸುವ ಆ ಕ್ಷಣದಲ್ಲೇ ನಡುವೆ ನಿಂತು ನೋಡುತ್ತದೆ. ಮೊದಲು ತನ್ನಲ್ಲಿರುವ ವೈರಸ್ ಗುರುತುಗಳ ಪಟ್ಟಿಯೊಂದಿಗೆ ಹೋಲಿಸುತ್ತದೆ. ಗುರುತು ಸಿಗದಿದ್ದರೂ ನಡವಳಿಕೆ ಅನುಮಾನ ತಂದರೆ ಇಂಟರ್‌ನೆಟ್ ಮೂಲಕ ಮೈಕ್ರೋಸಾಫ್ಟಿನ ಸರ್ವರನ್ನು ಕೇಳುತ್ತದೆ. ಅದೇ ‘ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್’, ಅದನ್ನು ಆಫ್ ಮಾಡಬೇಡಿ. ಹಾಸನದ ಎಪಿಎಂಸಿಯಲ್ಲಿ ಜಲಂಧರ್‌ನಿಂದ ಬಂದ ಬಿತ್ತನೆ ಆಲೂಗಡ್ಡೆ ಕೊಳ್ಳುವ ರೈತ ಗಡ್ಡೆಯನ್ನು ಅಲ್ಲೇ ಕುಯ್ದು ನೋಡುತ್ತಾನಲ್ಲ, ರಿಯಲ್‌ಟೈಮ್ ಎಂದರೆ ಅದು. ಫುಲ್ ಸ್ಕ್ಯಾನ್ ಎಂದರೆ ನೆಟ್ಟಾದ ಮೇಲೆ ಅಂಗಮಾರಿ ಎಲ್ಲಾದರೂ ಕಾಣುತ್ತದೇನೋ ಎಂದು ಇಡೀ ಹೊಲ ಸುತ್ತುವುದು. ಸುತ್ತುವುದು ತಪ್ಪಲ್ಲ, ಆದರೆ ಗಡ್ಡೆ ಕುಯ್ದು ನೋಡುವ ಕೆಲಸಕ್ಕೆ ಅದು ಬದಲಿಯಲ್ಲ.

ಆದ್ದರಿಂದ ಕಂಪ್ಯೂಟರ್ ಹೊಸದಾಗಿ ಬಂದಾಗ ಅಥವಾ ಫಾರ್ಮ್ಯಾಟ್ ಆಗಿ ಬಂದಾಗ ಒಮ್ಮೆ ಫುಲ್ ಸ್ಕ್ಯಾನ್ ಮಾಡಿ, ಏನಾದರೂ ಸಿಕ್ಕಿಬಿದ್ದ ದಿನ ಮತ್ತೊಮ್ಮೆ ಮಾಡಿ. ಉಳಿದಂತೆ ಕ್ವಿಕ್ ಸ್ಕ್ಯಾನ್ ಸಾಕು. ನೀವಾಗಿ ಒತ್ತಿದ ಸ್ಕ್ಯಾನ್ ಪ್ರೊಸೆಸರನ್ನು ಕಾಯ್ದುಕೊಂಡು ನಡೆಯುವುದಿಲ್ಲ. ಸರಾಸರಿ ಶೇ. 50ಕ್ಕಿಂತ ಹೆಚ್ಚು ಪ್ರೊಸೆಸರ್ ಬಳಸಬಾರದೆಂಬ ಮಿತಿಯೊಂದು ಇದೆ, ಆದರೆ ಅದು ವಿಂಡೋಸ್ ತಾನಾಗಿ ನಡೆಸುವ ನಿಗದಿತ ಸ್ಕ್ಯಾನಿಗೆ ಮಾತ್ರ. ಹಳೆಯ ಹಾರ್ಡ್‌ಡಿಸ್ಕಿನ ಕಂಪ್ಯೂಟರಿನಲ್ಲಿ ಫುಲ್ ಸ್ಕ್ಯಾನ್ ಹಾಕಿ, ಅದೇ ಹೊತ್ತಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೂತರೆ ಎರಡೂ ತೆವಳುತ್ತವೆ. ಆ ಸಿಟ್ಟಿನಲ್ಲಿ ಜನ ಡಿಫೆಂಡರನ್ನೇ ಆರಿಸಿಬಿಡುತ್ತಾರೆ.

ಇನ್ನು ನಿಗದಿತ ಸ್ಕ್ಯಾನ್. ಇದು ನನಗೆ ಬಲು ಇಷ್ಟದ ವಿಷಯ, ಏಕೆಂದರೆ ಇದರ ಏರ್ಪಾಟಿನೊಳಗೆ ಒಂದು ಊಹೆ ಅಡಗಿದೆ. ಕಂಪ್ಯೂಟರ್ ದಿನವಿಡೀ ಆನ್ ಇರುತ್ತದೆ, ಯಜಮಾನ ಆಗಾಗ ಎದ್ದು ಹೋಗುತ್ತಾನೆ, ಕರೆಂಟು ಇದ್ದೇ ಇರುತ್ತದೆ ಎಂಬುದೇ ಆ ಊಹೆ. ವಿಂಡೋಸ್ ತನ್ನ ನಿರ್ವಹಣೆಯ ಕೆಲಸಗಳನ್ನೆಲ್ಲ ಬೆಳಗಿನ ಜಾವ 2 ಗಂಟೆಗೆ ಇಟ್ಟುಕೊಂಡಿರುತ್ತದೆ. ಆಗ ಕಂಪ್ಯೂಟರ್ ಆಫ್ ಇದ್ದರೆ, ಮುಂದೆ ಯಾವಾಗಲಾದರೂ ಅದು ಆನ್ ಇದ್ದು, ಯಾರೂ ಮುಟ್ಟದೆ, ಪ್ಲಗ್‌ನಲ್ಲಿ ಕರೆಂಟಿರುವ ಹೊತ್ತಿಗಾಗಿ ಕಾಯುತ್ತದೆ. ಚನ್ನರಾಯಪಟ್ಟಣದ ಒಂದು ಮನೆಯನ್ನು ನೆನೆಸಿಕೊಳ್ಳಿ. ಸಂಜೆ ಮಗಳು ಆನ್‌ಲೈನ್ ಪಾಠಕ್ಕೆ ಲ್ಯಾಪ್‌ಟಾಪ್ ತೆರೆಯುತ್ತಾಳೆ, ಆಮೇಲೆ ಅಪ್ಪ ತೆಂಗಿನಕಾಯಿ ವ್ಯಾಪಾರದ ಲೆಕ್ಕ ಬರೆಯುತ್ತಾರೆ, ಕೆಲಸ ಮುಗಿದ ತಕ್ಷಣ ಶಟ್‌ಡೌನ್. ನಡುವೆ ಕರೆಂಟು ಹೋಗಿ ಬ್ಯಾಟರಿಯಲ್ಲಿ ಓಡಿದ್ದೂ ಉಂಟು. ಈ ಮನೆಯಲ್ಲಿ ಕಂಪ್ಯೂಟರ್ ಸುಮ್ಮನೆ ಕೂತಿರುವ ಹೊತ್ತೇ ಇಲ್ಲ. ವಾರಗಟ್ಟಲೆ ನಿಗದಿತ ಸ್ಕ್ಯಾನ್ ನಡೆಯದೇ ಹೋಗಬಹುದು, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕೊನೆಯ ಸ್ಕ್ಯಾನ್ ಯಾವಾಗ ಆಯಿತೆಂಬುದನ್ನು ವಿಂಡೋಸ್ ಸೆಕ್ಯುರಿಟಿ ತಾರೀಖಿನ ಸಮೇತ ತೋರಿಸುತ್ತದೆ. ಇದನ್ನು ಓದುತ್ತಿರುವಾಗಲೇ ಎದ್ದು ನೋಡಿ ಬನ್ನಿ.

ತಾರೀಖು ಹಳೆಯದಾಗಿದ್ದರೆ ಹೊತ್ತನ್ನು ನೀವೇ ಗೊತ್ತುಮಾಡಿ. ಅಡ್ಮಿನ್ ಖಾತೆಯಿಂದ ‘ಟಾಸ್ಕ್ ಶೆಡ್ಯೂಲರ್’ ತೆರೆದು, ಎಡಗಡೆಯ ಪಟ್ಟಿಯಲ್ಲಿ ಲೈಬ್ರರಿ, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ವಿಂಡೋಸ್ ಡಿಫೆಂಡರ್ ಹೀಗೆ ಇಳಿಯಿರಿ. ಅಲ್ಲಿ ‘ವಿಂಡೋಸ್ ಡಿಫೆಂಡರ್ ಶೆಡ್ಯೂಲ್ಡ್ ಸ್ಕ್ಯಾನ್’ ಎಂಬುದನ್ನು ಡಬಲ್ ಕ್ಲಿಕ್ ಮಾಡಿ ‘ಟ್ರಿಗರ್ಸ್’ನಲ್ಲಿ ‘ನ್ಯೂ’ ಒತ್ತಿದರೆ ದಿನ, ಗಂಟೆ ಕೇಳುತ್ತದೆ. ಮನೆಯವರು ರಾತ್ರಿ ಊಟಕ್ಕೆ ಕೂರುವ ಹೊತ್ತು ಒಳ್ಳೆಯದು. ಆ ದಿನ ಕಂಪ್ಯೂಟರನ್ನು ಆರಿಸದೆ ಚಾರ್ಜರ್ ಹಾಕಿಟ್ಟು ಹೋಗಿ. ‘ಸೆಟ್ಟಿಂಗ್ಸ್’ ಭಾಗದಲ್ಲಿ, ತಪ್ಪಿಹೋದ ಕೆಲಸವನ್ನು ಸಾಧ್ಯವಾದಷ್ಟು ಬೇಗ ಮಾಡು ಎಂಬ ಸಾಲಿಗೆ ಟಿಕ್ ಹಾಕುವುದನ್ನು ಮರೆಯಬೇಡಿ. ಮಳೆಗಾಲದಲ್ಲಿ ಗೊತ್ತುಮಾಡಿದ ಹೊತ್ತಿಗೇ ಕರೆಂಟು ಹೋಗುವ ನಮ್ಮ ಕಡೆ ಆ ಒಂದು ಟಿಕ್ ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ.

ಈಗ ಪೆನ್‌ಡ್ರೈವ್. ಹಾಸನದ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ತಾಲ್ಲೂಕು ಕಚೇರಿಗಳ ಎದುರು ಸೆರಾಕ್ಸ್ ಅಂಗಡಿಗಳ ಸಾಲೇ ಇದೆ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟು ಎಲ್ಲ ಪ್ರಿಂಟ್ ಆಗುವುದು ಅಲ್ಲೇ. ಬೆಳಗಿನಿಂದ ಸಂಜೆವರೆಗೆ ಎಷ್ಟೋ ಜನರ ಪೆನ್‌ಡ್ರೈವ್ ಒಂದೇ ಕಂಪ್ಯೂಟರಿಗೆ ಬೀಳುತ್ತದೆ. ಫುಲ್ ಸ್ಕ್ಯಾನ್ ಮೇಲೆ ಭರವಸೆ ಇಟ್ಟವರು ತಿಳಿಯಬೇಕಾದದ್ದು ಇದು: ಮೂಲ ಸೆಟ್ಟಿಂಗಿನಲ್ಲಿ ಫುಲ್ ಸ್ಕ್ಯಾನ್ ಪೆನ್‌ಡ್ರೈವನ್ನು ನೋಡುವುದೇ ಇಲ್ಲ. ಅದನ್ನು ನೋಡಿಸಲು ಪೆನ್‌ಡ್ರೈವ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್’ ಒತ್ತಬೇಕು. ಅಂಗಡಿಯಿಂದ ಮನೆಗೆ ಬಂದ ಕೂಡಲೇ ಇದನ್ನು ರೂಢಿ ಮಾಡಿಕೊಳ್ಳಿ.

ಅಂಗಡಿಗಳಲ್ಲಿ ಎಲ್ಲರೂ ಬಲ್ಲದ್ದು ಶಾರ್ಟ್‌ಕಟ್ ವೈರಸ್. ಅದರ ಕೆಲಸವನ್ನು ಹತ್ತಿರದಿಂದ ನೋಡಿ. ಪೆನ್‌ಡ್ರೈವ್‌ಗೆ ಇಳಿದೊಡನೆ ನಿಮ್ಮ ಫೋಲ್ಡರುಗಳಿಗೆ ‘ಹಿಡನ್’, ‘ಸಿಸ್ಟಮ್’ ಎಂಬ ಎರಡು ಗುಣ ಅಂಟಿಸಿ ಕಾಣದಂತೆ ಮಾಡುತ್ತದೆ. ಅದೇ ಹೆಸರಿನ, ಅದೇ ಹಳದಿ ಫೋಲ್ಡರಿನ ಚಿತ್ರವಿರುವ ಶಾರ್ಟ್‌ಕಟ್ ತಂದಿಡುತ್ತದೆ. ಗಾತ್ರ ನೋಡಿದರೆ 1 ಅಥವಾ 2 ಕೆ.ಬಿ., ಮೂಲೆಯಲ್ಲೊಂದು ಸಣ್ಣ ಬಾಣ. ನೀವು ಫೋಲ್ಡರ್ ಎಂದುಕೊಂಡು ಕ್ಲಿಕ್ ಮಾಡುತ್ತೀರಿ. ಶಾರ್ಟ್‌ಕಟ್ ಮೊದಲು ವೈರಸ್ಸಿನ ಸ್ಕ್ರಿಪ್ಟ್ ಓಡಿಸಿ, ಆಮೇಲೆ ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಫೈಲುಗಳೆಲ್ಲ ಕಾಣುತ್ತವಾದ್ದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಎಂಥ ಚಾಣಾಕ್ಷ ಕೆಟ್ಟತನ! 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಶಾರ್ಟ್‌ಕಟ್ಟನ್ನು ಇನ್ನೂ ಭಯಂಕರವಾಗಿ ಬಳಸಿತ್ತು: ಕ್ಲಿಕ್ಕೂ ಬೇಡ, ಪೆನ್‌ಡ್ರೈವ್ ತೆರೆದು ಅದರ ಚಿತ್ರ ಪರದೆಗೆ ಬಂದರೆ ಸಾಕಿತ್ತು. ಆ ಬಿರುಕಿಗೆ ಮೈಕ್ರೋಸಾಫ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ತೇಪೆ ಹಾಕಿತು. ನಮ್ಮ ಅಂಗಡಿಗಳ ಶಾರ್ಟ್‌ಕಟ್ ವೈರಸ್ಸಿಗೆ ಮಾತ್ರ ಇಂದಿಗೂ ನಿಮ್ಮ ಕ್ಲಿಕ್ ಬೇಕು.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಡಿಫೆಂಡರ್ ಶಾರ್ಟ್‌ಕಟ್ಟುಗಳನ್ನೂ ಸ್ಕ್ರಿಪ್ಟನ್ನೂ ಹಿಡಿದು ಕ್ವಾರಂಟೈನ್‌ಗೆ ತಳ್ಳುತ್ತದೆ. ಪೆನ್‌ಡ್ರೈವ್ ಖಾಲಿ ಕಾಣುತ್ತದೆ. “ಅಯ್ಯೋ ಅಣ್ಣಾ, ನಿಮ್ ಆಂಟಿವೈರಸ್ಸು ನನ್ ಪ್ರಾಜೆಕ್ಟೆಲ್ಲ ಡಿಲೀಟ್ ಮಾಡ್ಬಿಡ್ತು” ಎಂದು ಹುಡುಗಿ ಅಳುಮುಖ ಮಾಡುತ್ತಾಳೆ. ಅಂಗಡಿಯವರು ಗಿರಾಕಿ ಕೈತಪ್ಪೀತೆಂದು ರಿಯಲ್‌ಟೈಮ್ ಪ್ರೊಟೆಕ್ಷನ್ ಆರಿಸುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ವಿಂಡೋಸ್ ಅದನ್ನು ತಾನಾಗಿ ಮತ್ತೆ ಆನ್ ಮಾಡುತ್ತದೆ ನಿಜ, ಆದರೆ ಅಷ್ಟರಲ್ಲಿ ಎಷ್ಟು ಪೆನ್‌ಡ್ರೈವ್ ಬಂದು ಹೋದವೋ. ಫೈಲುಗಳು ಎಲ್ಲೂ ಹೋಗಿಲ್ಲ, ಮರೆಯಾಗಿವೆ ಅಷ್ಟೆ. ಫೋಲ್ಡರ್ ಆಪ್ಷನ್ಸ್‌ನ ‘ವ್ಯೂ’ ಭಾಗದಲ್ಲಿ ಹಿಡನ್ ಫೈಲುಗಳನ್ನು ತೋರಿಸು ಎಂಬುದನ್ನು ಆಯ್ಕೆಮಾಡಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬಲ್ಲಿರುವ ಟಿಕ್ ತೆಗೆಯಿರಿ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಮಾಡದೆ “ಏನೂ ಇಲ್ಲ” ಎಂದು ಕೈಬಿಡುತ್ತಾರೆ. ಎರಡೂ ಮಾಡಿದರೆ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಆ ಎರಡು ಗುಣಗಳನ್ನು ಕಮಾಂಡ್ ಪ್ರಾಂಪ್ಟಿನ ‘ಅಟ್ರಿಬ್’ ಎಂಬ ಆಜ್ಞೆಯಿಂದ ಬಿಡಿಸಬಹುದು. ಕೆಲಸ ಮುಗಿದ ಮೇಲೆ ತೆಗೆದ ಟಿಕ್ಕನ್ನು ಮತ್ತೆ ಹಾಕಿಡಿ.

ಇನ್ನೊಂದು ಕಡೆ ನಾನು ಎಲ್ಲರನ್ನೂ ಕೈಹಿಡಿದು ಕರೆದೊಯ್ಯುತ್ತೇನೆ: ‘ಮ್ಯಾನೇಜ್ ಸೆಟ್ಟಿಂಗ್ಸ್’ ಒತ್ತಿದಾಗ ತೆರೆಯುವ ಪುಟದ ಕೆಳತುದಿಯ ‘ಎಕ್ಸ್‌ಕ್ಲೂಷನ್ಸ್’. ಇದು ಡಿಫೆಂಡರ್ ನೋಡಬಾರದ ಜಾಗಗಳ ಪಟ್ಟಿ. ಫಾರ್ಮ್ಯಾಟ್ ಮಾಡಿಕೊಡುವವರು ಕೆಲವೊಮ್ಮೆ ವಿಂಡೋಸ್, ಆಫೀಸ್, ಫೋಟೋಶಾಪ್‌ಗಳ ಕ್ರ್ಯಾಕ್ ಹಾಕಲು ಡಿಫೆಂಡರ್ ಅಡ್ಡ ಬರುತ್ತದೆಂದು ಇಡೀ ಸಿ ಡ್ರೈವನ್ನೋ ಡೌನ್‌ಲೋಡ್ಸ್ ಫೋಲ್ಡರನ್ನೋ ಈ ಪಟ್ಟಿಗೆ ಸೇರಿಸಿ ಕಳಿಸುತ್ತಾರೆ. ಅಲ್ಲಿಂದ ಮುಂದೆ ಆ ಜಾಗಕ್ಕೆ ಯಾವ ವೈರಸ್ ಬಂದರೂ ರಿಯಲ್‌ಟೈಮ್ ನೋಡುವುದಿಲ್ಲ, ನಿಗದಿತ ಸ್ಕ್ಯಾನೂ ನೋಡುವುದಿಲ್ಲ. ಮುಖಪುಟದಲ್ಲಿ ಮಾತ್ರ ಹಸಿರು ಟಿಕ್ ಹಾಗೇ ಇರುತ್ತದೆ! ಫ್ಲೆಕ್ಸ್ ಅಂಗಡಿ, ಫೋಟೋ ಸ್ಟುಡಿಯೋ ನಡೆಸುವವರು ಇದನ್ನು ಇವತ್ತೇ ತೆರೆದು ನೋಡಬೇಕು. ನೀವು ಸೇರಿಸದ ಸಾಲು ಕಂಡರೆ ತೆಗೆದುಹಾಕಿ, ಆಮೇಲೆ ಒಂದು ಫುಲ್ ಸ್ಕ್ಯಾನ್ ಮಾಡಿ. ಫುಲ್ ಸ್ಕ್ಯಾನಿಗೆ ಇದು ನಿಜವಾಗಿಯೂ ತಕ್ಕ ಸಂದರ್ಭ.

ಕನ್ನಡ ಬರೆಯುವವರಿಗೆ ಇದೇ ಪುಟದಲ್ಲಿ ಬೇರೊಂದು ಗೊಂದಲ ಎದುರಾಗಬಹುದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವಾಗಲಿ, 1998ರಿಂದ ಬಳಕೆಯಲ್ಲಿರುವ ‘ಬರಹ’ವಾಗಲಿ, ನೀವು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಅದನ್ನು ಕನ್ನಡ ಅಕ್ಷರವಾಗಿ ಮಾರ್ಪಡಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಕೀಲಿಯನ್ನು ನಡುವೆ ಹಿಡಿಯುವ ಕೆಲಸವನ್ನೇ. ಸಾಲದ್ದಕ್ಕೆ, ಜಗತ್ತಿನಲ್ಲಿ ಕಡಿಮೆ ಕಂಪ್ಯೂಟರುಗಳಲ್ಲಿ ಕಾಣುವ ತಂತ್ರಾಂಶವನ್ನು ಇಂಥ ರಕ್ಷಣಾ ವ್ಯವಸ್ಥೆಗಳು ಹೆಚ್ಚು ಅನುಮಾನದಿಂದ ನೋಡುತ್ತವೆ. ಹಾಗಾಗಿ ಸಾಧು ತಂತ್ರಾಂಶಕ್ಕೂ ಕೆಂಪು ಎಚ್ಚರಿಕೆ ಬರಬಹುದು. ಆಗ ಇಡೀ ಫೋಲ್ಡರನ್ನು ಎಕ್ಸ್‌ಕ್ಲೂಷನ್‌ಗೆ ಹಾಕಬೇಡಿ. ಅಧಿಕೃತ ಜಾಗದಿಂದಲೇ ಇಳಿಸಿಕೊಂಡದ್ದೇ ಎಂದು ಖಚಿತ ಮಾಡಿಕೊಂಡು, ಸಿಕ್ಕಿಬಿದ್ದವುಗಳ ಪಟ್ಟಿಯಾದ ‘ಪ್ರೊಟೆಕ್ಷನ್ ಹಿಸ್ಟರಿ’ಯಲ್ಲಿ ಆ ಒಂದು ಎಚ್ಚರಿಕೆಗೆ ಮಾತ್ರ ‘ಅಲೋ’ ಕೊಡಿ. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ನುಡಿಗೆ ಆ ಭಾಗ್ಯ ಬೇಡ. ಬರೇ ಯೂನಿಕೋಡ್ ಸಾಕೆನ್ನುವವರಿಗೆ ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ಕನ್ನಡ ಫೋನೆಟಿಕ್ ಕೀಲಿಮಣೆ ಒಳಗೇ ಇದೆ.

ವಿಂಡೋಸ್ 10 ಎಂದಾಗ ಒಂದು ಮಾತು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರ್‌ಗೆ ವೈರಸ್ ಗುರುತುಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆಂದು ಮೈಕ್ರೋಸಾಫ್ಟ್ ಹೇಳಿದೆ. ಇದನ್ನು ಕೇಳಿ ನಿಶ್ಚಿಂತರಾಗಬೇಡಿ. ವಿಂಡೋಸಿನ ಬಿರುಕುಗಳನ್ನು ಮುಚ್ಚುವುದು ಡಿಫೆಂಡರ್‌ನ ಕೆಲಸವಲ್ಲ.

ಇಷ್ಟೆಲ್ಲ ಹೊಂದಿಸಿದ ಮೇಲೆ ಕಾವಲು ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು ಅಪಾಯವಿಲ್ಲದ ದಾರಿಯೊಂದಿದೆ. ಐಕಾರ್ ಸಂಸ್ಥೆಯ ಪರೀಕ್ಷಾ ಫೈಲ್ ಎಂದರೆ 68 ಅಕ್ಷರಗಳ ಒಂದೇ ಸಾಲು. ಅದು ವೈರಸ್ಸಲ್ಲ, ಆಂಟಿವೈರಸ್ ತಯಾರಕರೆಲ್ಲ ಪರೀಕ್ಷೆಗೆಂದೇ ಒಪ್ಪಿಕೊಂಡದ್ದು. ಅದನ್ನು ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದರೆ ಡಿಫೆಂಡರ್ ಹಿಡಿಯಬೇಕು. ಹಿಡಿಯದಿದ್ದರೆ ಎಕ್ಸ್‌ಕ್ಲೂಷನ್ಸ್ ಪುಟಕ್ಕೆ ವಾಪಸ್ ಹೋಗಿ. ಕಾಲೇಜಿನ ಲ್ಯಾಬುಗಳಲ್ಲಿ ಇದನ್ನೊಂದು ಪಾಠವನ್ನಾಗಿ ಮಾಡಿಸಿದರೆ ಎಷ್ಟು ಚೆನ್ನ.

ಹಾಸನ ಸೀಮೆಯ ಕಂಪ್ಯೂಟರ್ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ತಾಲ್ಲೂಕು ಕೇಂದ್ರಗಳ ಸೆರಾಕ್ಸ್ ಅಂಗಡಿಯವರನ್ನು ಒಪ್ಪಿಸಿ, ಅವರ ‘ಪ್ರೊಟೆಕ್ಷನ್ ಹಿಸ್ಟರಿ’ಯನ್ನು ಒಂದು ವರ್ಷ ಬರೆದಿಡಿ. ಗಿರಾಕಿಗಳ ಹೆಸರು ಬೇಡ. ತಾರೀಖು, ವೈರಸ್ಸಿನ ಹೆಸರು, ಸಿಕ್ಕಿದ್ದು ಪೆನ್‌ಡ್ರೈವ್‌ನಲ್ಲೋ ಡೌನ್‌ಲೋಡ್‌ನಲ್ಲೋ ಎಂಬಷ್ಟು ಸಾಕು. ಪರೀಕ್ಷೆಯ ತಿಂಗಳಲ್ಲಿ ಏನು ಹೆಚ್ಚುತ್ತದೆ, ಹಳೆಯ ಶಾರ್ಟ್‌ಕಟ್ ವೈರಸ್ ಯಾವ ಊರಿನಲ್ಲಿ ಇನ್ನೂ ಸುತ್ತುತ್ತಿದೆ ಎಂಬುದು ಆಗ ಗೊತ್ತಾದೀತು. ಆದರೆ ಹಿಸ್ಟರಿಯ ದಾಖಲೆಗಳು ಸುಮಾರು 15 ದಿನಕ್ಕೆ ತಾವಾಗಿ ಅಳಿಸಿಹೋಗುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಅಂಗಡಿಗೆ ಹೋಗಿ ಬರೆದುಕೊಳ್ಳಿ, ಹೋದಾಗ ಅವರ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನೂ ಒಮ್ಮೆ ತೆರೆಸಿ ನೋಡಿ.